ಕಾಲಂ ಸಾಹೇಬರ ಮನೆಯ ನಲವತ್ತು ಅತಿಥಿಗಳು

ಮನುಷ್ಯ ಅಪರಾಧಿಯಾಗುವುದಕ್ಕೆ ಎಷ್ಟು ಹೊತ್ತು ಬೇಕು? ಕಾಲಂ ಸಾಹೇಬರಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಅದರಲ್ಲೂ ಐದು ನಿಮಿಷ ಪೆನ್ನು ಹುಡುಕುವುದಕ್ಕೇ ಹೋಯಿತು. ಉಳಿದ ಹದಿನೈದು ನಿಮಿಷದಲ್ಲಿ, ತಮ್ಮ ಮನೆಯ ಮೇಜಿನ ಮುಂದೆಯೇ ಕುಳಿತು, ಆರು ತಿಂಗಳ ಜೈಲಿಗೆ ಬೇಕಾದ ಎಲ್ಲ ಏರ್ಪಾಡನ್ನೂ ಅವರು ಕೈಯಾರೆ ಮಾಡಿಕೊಂಡರು.

ಸಾಹೇಬರು ಎಂದರೆ ದೊಡ್ಡ ಅಧಿಕಾರಿ ಎಂದುಕೊಳ್ಳಬೇಡಿ. ನೀರು ಸರಬರಾಜು ಕಚೇರಿಯಲ್ಲಿ ಎರಡನೇ ದರ್ಜೆಯ ಗುಮಾಸ್ತರು. ಹೊಸ ನಲ್ಲಿ ಬೇಕೆಂದು ಬರುವವರ ಅರ್ಜಿಗಳನ್ನು ಪರಿಶೀಲಿಸುವುದು ಅವರ ಕೆಲಸ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಒಂದು ಕಾಲಂ ಖಾಲಿಯಿರುವ ಅರ್ಜಿಯನ್ನೂ ಅವರು ಮುಂದಕ್ಕೆ ಕಳಿಸಿದವರಲ್ಲ. ತಾತನ ಹೆಸರಿನ ಕಾಲಂ ಖಾಲಿ ಬಿಟ್ಟಿದ್ದ ಮುದುಕರೊಬ್ಬರನ್ನು ಮೂರು ಸಲ ವಾಪಸು ಕಳಿಸಿ, ನಾಲ್ಕನೇ ಸಲ ಅವರು ಸಿಟ್ಟಿನಿಂದ 'ನೆನಪಿಲ್ಲ' ಎಂದು ಬರೆದುಕೊಟ್ಟಾಗ, "ಈಗ ಸರಿಯಾಯ್ತು ನೋಡಿ" ಎಂದು ಸಂತೋಷದಿಂದ ಮುದ್ರೆ ಒತ್ತಿದ್ದರು. ಬೀದಿಯವರು ಆ ಹೆಸರಿಟ್ಟಿದ್ದು ಇದಕ್ಕೇ. ಅದು ಚೇಷ್ಟೆಯೆಂದು ಎಲ್ಲರಿಗೂ ಗೊತ್ತಿತ್ತು, ಅವರೊಬ್ಬರಿಗೆ ಬಿಟ್ಟು.

ಊರಿಗೆ ಸಾಂಕ್ರಾಮಿಕ ರೋಗ ಬಂತು. ಅದರ ಬೆನ್ನಿಗೇ ಪುರಸಭೆಯ ಹೊಸ ಕಾನೂನೂ ಬಂತು. ಮಾಸ್ಕ್ ಇಲ್ಲದೆ ಹೊರಗೆ ಕಾಲಿಟ್ಟರೆ ದಂಡ. ಒಂದು ಮನೆಯಲ್ಲಿ ಐದಕ್ಕಿಂತ ಹೆಚ್ಚು ಜನ ಸೇರಿದರೆ ಆರು ತಿಂಗಳ ಜೈಲು. ಯಾರ ಜೊತೆ ಸೇರಿದ್ದೆ ಎಂಬುದನ್ನು ಮುಚ್ಚಿಟ್ಟರೆ ಒಂದು ವರ್ಷ. ಸುಳ್ಳು ದೂರು ಬರೆದರೆ ಮೂರು ತಿಂಗಳು. ಇಷ್ಟನ್ನೆಲ್ಲ ಕಾಯುವುದಕ್ಕೆ ಪೊಲೀಸರು ಸಾಲದೆ, ಬೀದಿಗೊಬ್ಬ 'ಆರೋಗ್ಯ ಪಾಲಕ'ನನ್ನು ನೇಮಿಸುವುದೆಂದು ತೀರ್ಮಾನವಾಯಿತು. ಸಂಬಳವಿಲ್ಲ, ರಜೆಯಿಲ್ಲ, ಬೀದಿಯವರ ಶಾಪ ಮಾತ್ರ ಧಾರಾಳ. ನಮ್ಮ ಬೀದಿಯಿಂದ ಬಂದದ್ದು ಒಂದೇ ಅರ್ಜಿ, ಮತ್ತು ಅದರಲ್ಲಿ ಒಂದು ಕಾಲಂ ಕೂಡ ಖಾಲಿ ಇರಲಿಲ್ಲ.

ಹೀಗೆ ಸಾಹೇಬರಿಗೆ ತೋಳಿಗೆ ಕಟ್ಟುವ ಹಸಿರು ಪಟ್ಟಿ, ಒಂದು ಸೀಟಿ ಮತ್ತು ಒಂದು ದೂರು ಪುಸ್ತಕ ಸಿಕ್ಕಿದವು. ಪಟ್ಟಿ, ಸೀಟಿಗಳನ್ನು ಅವರು ಮೇಜಿನ ಮೇಲಿಟ್ಟರು. ಪುಸ್ತಕವನ್ನು ಮಾತ್ರ ಕೈಯಿಂದ ಬಿಡಲಿಲ್ಲ. ಒಂದೊಂದು ದೂರಿಗೂ ಮೂರು ಹಾಳೆ, ನಡುವೆ ಕಾರ್ಬನ್. ಬಿಳಿಯದು ಆರೋಪಿಗೆ, ಗುಲಾಬಿಯದು ನ್ಯಾಯಾಲಯಕ್ಕೆ, ಹಳದಿಯದು ಪುಸ್ತಕದಲ್ಲೇ ಉಳಿಯುವುದಕ್ಕೆ. ಹಾಳೆಗೊಂದು ಕ್ರಮಸಂಖ್ಯೆ, ಒಂದು ದೂರಿಗೆ ಮೂವತ್ತೊಂದು ಕಾಲಂ. ಅವರ ಜನ್ಮ ಸಾರ್ಥಕವಾಗಿತ್ತು.

ಪಾಲಕನಿಗೆ ಇಬ್ಬರು ಸಹಾಯಕರಿರಬೇಕೆಂಬ ನಿಯಮವಿತ್ತು. ಎದುರು ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರನ್ನೂ ಪಕ್ಕದ ಮನೆಯ ಟೈಲರಮ್ಮನನ್ನೂ ಸಾಹೇಬರು ಆ ಸಂಜೆ ಮನೆಗೆ ಕರೆಸಿಕೊಂಡರು. ಟೈಲರಮ್ಮ ಹೊಲಿಗೆ ಯಂತ್ರ ತುಳಿದು ಇಬ್ಬರು ಮಕ್ಕಳನ್ನು ಸಾಕುತ್ತಿದ್ದ ಹೆಂಗಸು. ಈಗ ಬೀದಿಗೆಲ್ಲ ಮಾಸ್ಕ್ ಹೊಲಿದುಕೊಡುತ್ತಿದ್ದರು. ಸಾಹೇಬರ ಹೆಂಡತಿ ಮನೆಯಲ್ಲಿರಲಿಲ್ಲ. ತಮ್ಮನ ಹೆಂಡತಿ ಕಾಲು ಉಳುಕಿಸಿಕೊಂಡಿದ್ದಾಳೆಂದು ಎರಡು ಬೀದಿಯಾಚೆಯ ಅವನ ಮನೆಗೆ ನಾಲ್ಕು ದಿನದ ಮಟ್ಟಿಗೆ ಹೋಗಿದ್ದರು. ಇದು ಮುಂದೆ ಎಷ್ಟು ದುಬಾರಿಯಾಯಿತೆಂದು ನೀವೇ ನೋಡುವಿರಿ.

"ಫಾರಂ ತುಂಬೋದು ಅಂದ್ರೆ ಹುಡುಗಾಟ ಅಲ್ಲ," ಎಂದರು ಸಾಹೇಬರು. "ಒಂದು ಮಾದರಿ ತುಂಬಿ ತೋರಿಸ್ತೀನಿ, ಸರಿಯಾಗಿ ನೋಡ್ಕೊಳ್ಳಿ. ಮೊದಲನೇದು, ಆರೋಪಿಯ ಹೆಸರು."

"ಯಾರದಾದ್ರೂ ಬರೀರಿ," ಎಂದರು ಟೈಲರಮ್ಮ.

"ಯಾರದೋ ಹೆಸರು ಬರೆದ್ರೆ ಅದು ಸುಳ್ಳು ದೂರು. ಹುಟ್ಟೇ ಇರದವರ ಹೆಸರು ಬರೆದ್ರೆ ಅದೂ ಸುಳ್ಳು ದೂರು. ಮೂರು ತಿಂಗಳು ಒಳಗೆ!" ಸಾಹೇಬರು ಯೋಚಿಸಿ, ತಮ್ಮದೇ ಹೆಸರನ್ನು ದುಂಡಗೆ ಬರೆದರು. "ನನ್ನ ಹೆಸರು ಬರೆಯೋಕೆ ನನಗೆ ಯಾರಪ್ಪಣೆ ಬೇಕು?"

ಮಾಸ್ಕ್ ಹಾಕದ ಅಪರಾಧ ಬರೆದರೆ ಒಂಬತ್ತು ಕಾಲಂ ಮಾತ್ರ ತುಂಬುತ್ತಿತ್ತು. ಜನ ಸೇರಿಸಿದ ಅಪರಾಧಕ್ಕೆ ಮೂವತ್ತೊಂದೂ ಬೇಕಾಗುತ್ತಿದ್ದವು. ಕಲಿಸುವುದಾದರೆ ಪೂರ್ತಿ ಕಲಿಸಬೇಕೆಂದು ಅವರು ಅದನ್ನೇ ಆರಿಸಿಕೊಂಡರು.

"ಸೇರಿದ ಜನ ಎಷ್ಟು?"

"ನಲವತ್ತು ಹಾಕಿ," ಎಂದರು ಡ್ರಿಲ್ ಮೇಷ್ಟ್ರು. "ಸಾಲಿಗೆ ಹತ್ತರ ಹಾಗೆ ನಾಲ್ಕು ಸಾಲು. ನೋಡೋಕೆ ಚೆನ್ನಾಗಿರುತ್ತೆ."

"ಸಮಾರಂಭದ ಸ್ವರೂಪ?"

ಟೈಲರಮ್ಮನಿಗೆ ಆಗಲೇ ರುಚಿ ಹತ್ತಿತ್ತು. "ಹಾಡು, ಕುಣಿತ ಅಂತ ಬರೀರಿ. ನಿಮಗೂ ಒಂದು ಬದಲಾವಣೆ ಆಗ್ಲಿ."

'ಆರೋಪಿ ಅಪರಾಧ ಒಪ್ಪಿಕೊಂಡರೇ' ಎಂಬ ಕಾಲಂ ಬಂತು. 'ಇಲ್ಲ' ಎಂದರೆ ಕಾರಣಗಳನ್ನು ಅರ್ಧ ಪುಟ ಬರೆಯಬೇಕಾಗಿತ್ತು. ಸಾಹೇಬರು 'ಹೌದು' ಎಂದು ಬರೆದು ಸಹಿ ಹಾಕಿದರು. ಆರೋಪಿಯ ಜಾಗದಲ್ಲಿ ಒಂದು ಸಹಿ, ದೂರುದಾರನ ಜಾಗದಲ್ಲಿ ಇನ್ನೊಂದು. ಸಾಕ್ಷಿಗಳ ಜಾಗದಲ್ಲಿ ಮೇಷ್ಟ್ರೂ ಟೈಲರಮ್ಮನೂ ಅಭ್ಯಾಸಕ್ಕೆಂದು ಸಹಿ ಮಾಡಿದರು.

"ಮೇಲುಗಡೆ 'ಇದು ಮಾದರಿ' ಅಂತ ಬರೀಬೇಡ್ವಾ?" ಎಂದು ಟೈಲರಮ್ಮ ಕೇಳಿದ್ದು ನಿಜ. ಅವರ ಬುದ್ಧಿವಂತಿಕೆಯನ್ನು ಇಲ್ಲಿ ಮರೆಯಬಾರದು.

"ಎಲ್ಲಿ ಬರೀಲಮ್ಮ? ಅದಕ್ಕೆ ಕಾಲಂ ಎಲ್ಲಿದೆ?" ಎಂದರು ಸಾಹೇಬರು. ಕಾಲಂ ಇಲ್ಲದ ಕಡೆ ಬರೆಯುವುದು ಅವರ ಜಾಯಮಾನದಲ್ಲೇ ಇರಲಿಲ್ಲ.

ಆ ವಾರವೆಲ್ಲ ಸಾಹೇಬರು ಸೀಟಿ ಊದಿಕೊಂಡು ಬೀದಿ ಸುತ್ತಿದರು. ಸೀಟಿ ಕೇಳಿಸಿದ ಕೂಡಲೇ ಜನ ಒಳಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಿದ್ದುದರಿಂದ ಎರಡನೆಯ ದೂರು ಬರೆಯುವ ಯೋಗ ಬರಲಿಲ್ಲ. ಶನಿವಾರ ವಾರ್ಡ್ ಕಚೇರಿಯ ಜವಾನ ಪುಸ್ತಕ ನೋಡಲು ಬಂದಾಗ ಸಾಹೇಬರು ಬೀದಿಯ ಆ ತುದಿಯಲ್ಲಿದ್ದರು. ತಮ್ಮನ ಮನೆಯಿಂದ ಆಗತಾನೆ ಮರಳಿದ್ದ ಹೆಂಡತಿಯೇ ಪುಸ್ತಕ ತೆಗೆದುಕೊಟ್ಟರು. ಜವಾನ ತುಂಬಿದ್ದ ಒಂದೇ ಗುಲಾಬಿ ಹಾಳೆಯನ್ನು ನಾಜೂಕಾಗಿ ಹರಿದುಕೊಂಡು ಹೋದ.

ಮೂರು ವಾರದ ನಂತರ ಪೊಲೀಸಿನವನು ಬಂದು, ಕೋಲಿನ ತುದಿಗೆ ಸಿಕ್ಕಿಸಿದ ಸಮನ್ಸನ್ನು ಗೇಟಿನಾಚೆಯಿಂದಲೇ ಚಾಚಿದ. ಸಾಹೇಬರ ಹೆಂಡತಿ ಅದನ್ನು ಬಾಗಿಲಲ್ಲೇ ನಿಂತು ಓದಿದರು. ಓದುತ್ತ ಓದುತ್ತ ಅವರ ದನಿ ಏರಿತು. ಬೀದಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು.

"ನಲವತ್ತು ಜನ! ಹಾಡು! ಕುಣಿತ! ನಾನು ನಾಲ್ಕೇ ನಾಲ್ಕು ದಿನ ತಮ್ಮನ ಮನೆಗೆ ಹೋದ್ರೆ ಇಲ್ಲಿ ಇಷ್ಟೆಲ್ಲ ಮಾಡಿದ್ದೀರಾ?"

"ಅದು ಮಾದರಿ ಕಣೇ."

"ಎಂಥಾ ಮಾದರಿರೀ ಇದು? ಇಬ್ಬರು ಸಾಕ್ಷಿ ಸಹಿ ಹಾಕಿದ್ದಾರೆ! ಟೈಲರಮ್ಮ ಯಾವತ್ತೂ ಸುಳ್ಳು ಹೇಳಿದವಳಲ್ಲ. ಅಷ್ಟಕ್ಕೂ ನಿಮಗೆ ಕುಣಿಯೋಕೆ ಎಲ್ಲಿ ಬರುತ್ತೆ? ನಮ್ಮ ಮದುವೆ ದಿನ ನನ್ನ ಪಕ್ಕ ನಾಲ್ಕು ಹೆಜ್ಜೆ ನಡೆಯೋಕೇ ಎರಡು ಸಲ ಎಡವಿದ್ರಿ. ಯಾರು ಕಲಿಸಿಕೊಟ್ರು?"

ಸಾಹೇಬರು ಹೆಂಡತಿಗೆ ನಿಜ ತಿಳಿಸಿ ನಂಬಿಸುವುದರೊಳಗೆ ಮಧ್ಯಾಹ್ನದ ಊಟ ತಪ್ಪಿತು. ನಂಬಿದ ಮೇಲೆ ಆಕೆ ಇನ್ನೂ ಜೋರಾಗಿ ಅತ್ತರು, ಯಾಕೆಂದರೆ ಕುಣಿದಿದ್ದರೆ ಕುಣಿದ ಸಂತೋಷವಾದರೂ ಇರುತ್ತಿತ್ತು. ಆರು ತಿಂಗಳ ಜೈಲೆಂದರೆ ಕೆಲಸ ಹೋಗುವುದೂ ಖಂಡಿತ.

ಬೀದಿಯವರ ವ್ಯಥೆ ಮಾತ್ರ ಬೇರೆ ಇತ್ತು. ಮರುದಿನ ಬೆಳಿಗ್ಗೆ ಹಾಲಿನವನು ಮುಖ ಊದಿಸಿಕೊಂಡು ಬಂದ. "ಅಷ್ಟು ಜನಕ್ಕೆ ಹಾಲು ಎಲ್ಲಿಂದ ತರಿಸಿದ್ರಿ ಸಾಹೇಬ್ರೇ? ನನಗೊಂದು ಮಾತು ಹೇಳಬಾರದಿತ್ತಾ?" ಎಂದ. ಮೂಲೆ ಮನೆಯ ಅಜ್ಜಿ, ಹನ್ನೊಂದು ವರ್ಷ ಒಂದೇ ಬೀದಿಯಲ್ಲಿದ್ದೂ ತಮ್ಮನ್ನು ಕರೆಯಲಿಲ್ಲವೆಂದು ಕಿಟಕಿ ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ಎಲ್ಲರಿಗಿಂತ ಹೆಚ್ಚು ನೊಂದದ್ದು ಬಾಮೈದ. ಅವನು ಫೋನ್ ಮಾಡಿದ.

"ಭಾವ, ಜೈಲಿನ ವಿಷಯ ಆಮೇಲೆ ಮಾತಾಡೋಣ. ನಲವತ್ತು ಜನರಲ್ಲಿ ನಾನೊಬ್ಬ ಹೆಚ್ಚಾಗ್ತಿದ್ದೆನಾ?"

"ಅಯ್ಯೋ, ಯಾರೂ ಬಂದಿಲ್ಲ ಮಾರಾಯ!"

"ಆಯ್ತು ಬಿಡಿ, ಮುಚ್ಚಿಡಬೇಡಿ. ನಾವು ಬಡವರು." ಫೋನ್ ಕಟ್ಟಾಯಿತು.

ಸಾಹೇಬರು ದೂರನ್ನು ವಾಪಸು ತೆಗೆದುಕೊಳ್ಳಲು ವಾರ್ಡ್ ಕಚೇರಿಗೆ ಹೋದರು. ಗಾಜಿನ ಹಿಂದೆ ಕುಳಿತಿದ್ದ ಗುಮಾಸ್ತ ಅವರಂಥವನೇ.

"ವಾಪಸು ತಗೊಳ್ಳೋಕೆ ದೂರುದಾರರು, ಆರೋಪಿ ಇಬ್ಬರೂ ಬರಬೇಕು."

"ಇಬ್ಬರೂ ನಾನೇ."

"ಹಾಗಾದ್ರೆ ಆರೋಪಿಯಾಗಿ ನೀವು ಒಳಗೆ ಬರೋ ಹಾಗಿಲ್ಲ. ದೂರುದಾರರಾಗಿ ಬರಬಹುದು. ಒಬ್ಬರನ್ನು ಹೊರಗೆ ನಿಲ್ಲಿಸಿ ಬನ್ನಿ."

ಸಾಹೇಬರು ಇದನ್ನು ಸ್ವಲ್ಪ ಹೊತ್ತು ನಿಜವಾಗಿ ಯೋಚಿಸಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಅದು ನಡೆದೇ ಇಲ್ಲ ಸ್ವಾಮಿ. ಬರೀ ಮಾದರಿ," ಎಂದರು.

"ಸುಳ್ಳು ದೂರು ಅಂತ ಬರ್ಕೊಡ್ತೀರಾ? ಧಾರಾಳವಾಗಿ ಕೊಡಿ. ನಿಮಗೆ ಮೂರು ತಿಂಗಳು. ಸಾಕ್ಷಿ ಹಾಕಿದ ಇಬ್ಬರಿಗೂ ತಲಾ ಮೂರು ತಿಂಗಳು."

ಗುಮಾಸ್ತ ಚಾಚಿದ ಫಾರಂ ಅನ್ನು ಸಾಹೇಬರು ಹಾಗೇ ಹಿಂತಿರುಗಿಸಿ ಮನೆಗೆ ಬಂದರು. ಟೈಲರಮ್ಮ ಒಳಗೆ ಹೋದರೆ ಆ ಇಬ್ಬರು ಮಕ್ಕಳನ್ನು ನೋಡುವವರು ಯಾರು?

ಮನೆಯಲ್ಲಿ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರಮ್ಮ ಕಾದಿದ್ದರು. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು, ಕಣ್ಣಷ್ಟೇ ಕಾಣುತ್ತಿತ್ತು. ಕೈಯಲ್ಲಿ ನಲವತ್ತು ಸಾಲಿನ ಒಂದು ಪಟ್ಟಿ.

"ಅವತ್ತು ಬಂದ ನಲವತ್ತು ಜನರ ಹೆಸರು, ವಿಳಾಸ ತುಂಬಿ. ಎಲ್ಲರನ್ನೂ ಹದಿನಾಲ್ಕು ದಿನ ಬೇರೆ ಇಡಬೇಕು. ಅವರ ಮೇಲೂ ಕೇಸು ಹಾಕ್ತೀವಿ. ಮುಚ್ಚಿಟ್ರೆ ನಿಮಗೆ ಇನ್ನೂ ಒಂದು ವರ್ಷ. ನಾಳೆ ಸಂಜೆ ಬರ್ತೀನಿ."

ಕೇಳಿದ್ದು ಸಾಹೇಬರೊಬ್ಬರೇ ಅಲ್ಲ, ಇಡೀ ಬೀದಿ ಮೈಯೆಲ್ಲ ಕಿವಿಯಾಗಿ ಕೇಳಿತ್ತು. ಕರೆಯಲಿಲ್ಲವೆಂದು ನಿನ್ನೆಯವರೆಗೆ ಮುನಿಸಿಕೊಂಡಿದ್ದವರಿಗೆ, ಇವರು ಎಲ್ಲಿ 'ಕರೆದಿದ್ದೆ' ಎಂದುಬಿಡುತ್ತಾರೋ ಎಂದು ಇವತ್ತು ನಡುಕ ಹುಟ್ಟಿತು. ಅಜ್ಜಿಯ ಕಿಟಕಿ ತೆರೆಯಿತು. "ಸಾಹೇಬ್ರೇ, ನನಗೆ ಮಂಡಿ ನೋವು. ಕುಣಿಯೋ ಕಾಲಲ್ಲ ಇದು, ನೆನಪಿಟ್ಕೊಳ್ಳಿ!" ಹಾಲಿನವನು ಅರ್ಧ ಲೀಟರ್ ಹೆಚ್ಚಿಗೆ ಇಟ್ಟು, "ನನ್ನ ಹೆಸರು ನಿಮಗೆ ಗೊತ್ತೇ ಇಲ್ಲ, ಅಲ್ವಾ?" ಎಂದು ಕೈಮುಗಿದ. ಬಾಮೈದ ಮತ್ತೆ ಫೋನ್ ಮಾಡಿದ. "ಭಾವ, ನನ್ನನ್ನ ಕರೀದೇ ಇದ್ದದ್ದು ಒಳ್ಳೇದೇ ಆಯ್ತು. ನಿಮ್ಮದು ದೂರದೃಷ್ಟಿ!"

ಸಾಹೇಬರು ಪಟ್ಟಿ ಮುಂದಿಟ್ಟುಕೊಂಡು ಕುಳಿತರು. ಪೆನ್ನು ತೆರೆದರು, ಮುಚ್ಚಿದರು. ಖಾಲಿ ಸಾಲುಗಳನ್ನು ಕಂಡರೆ ಅವರ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಹೆಂಡತಿ ಪಕ್ಕದಲ್ಲಿ ಬಂದು ಕುಳಿತರು.

"ಅಲ್ಲಾ ರೀ, ತುಂಬಬೇಕು ಅಂದ್ರೂ ನಲವತ್ತು ಹೆಸರು ಎಲ್ಲಿಂದ ತರ್ತೀರಿ? ನಮ್ಮ ಮನೆಗೆ ಯಾರು ಬರ್ತಾರೆ? ಹಾಲಿನವನು, ಮೀಟರ್ ನೋಡೋನು. ಅವರಿಬ್ಬರೂ ಗೇಟಿನಿಂದಲೇ ಹೋಗ್ತಾರೆ."

ಸಾಹೇಬರು ಬೆರಳು ಮಡಿಸಿ ಎಣಿಸಿದರು. ಹನ್ನೊಂದಕ್ಕೆ ಬೆರಳು ನಿಂತಿತು, ಅದರಲ್ಲಿ ಇಬ್ಬರು ತೀರಿಕೊಂಡವರು.

ಮರುದಿನ ಸಂಜೆ ಇನ್ಸ್‌ಪೆಕ್ಟರಮ್ಮ ಬಂದಾಗ ಬೀದಿಯ ಒಂದೊಂದು ಕಿಟಕಿಯಲ್ಲೂ ಮೂರು ಮೂರು ತಲೆ. ಸಾಹೇಬರು ಗೇಟಿನ ಬಳಿ ಬಂದು ಪಟ್ಟಿ ಕೊಟ್ಟರು. ನಲವತ್ತೂ ಸಾಲು ಖಾಲಿ. ಕೆಳಗೆ ಸಹಿ ಮಾತ್ರ ಇತ್ತು.

"ಇದೇನ್ರೀ? ಒಂದು ವರ್ಷ ಅಂದ್ರೆ ತಮಾಷೆನಾ?"

"ತಮಾಷೆ ಅಲ್ಲಮ್ಮ," ಎಂದರು ಸಾಹೇಬರು. "ಹುಟ್ಟಿದಾಗಿನಿಂದ ನಾನು ಖಾಲಿ ಫಾರಂ ಕೊಟ್ಟವನಲ್ಲ. ಆದ್ರೆ ಬಾರದವರನ್ನ ಬಂದ್ರು ಅಂತ ಬರೆಯೋಕೆ ಆಗಲ್ಲ. ಅವರಿಗೂ ಮನೆ ಮಠ ಇದೆ. ಮಾಡಿದ ತಪ್ಪು ನನ್ನದೊಬ್ಬನದು, ನನಗೇ ಎಷ್ಟು ವರ್ಷ ಬೇಕೋ ಬರ್ಕೊಳ್ಳಿ."

ಇನ್ಸ್‌ಪೆಕ್ಟರಮ್ಮ ಹೋದ ಮೇಲೂ ಕಿಟಕಿಗಳು ಮುಚ್ಚಲಿಲ್ಲ. ಟೈಲರಮ್ಮ ಮಾಸ್ಕ್ ಸರಿಪಡಿಸಿಕೊಂಡು ಬೀದಿ ದಾಟಿ, ಮೇಷ್ಟ್ರ ಬಾಗಿಲು ತಟ್ಟಿದರು.

ವಿಚಾರಣೆಯ ದಿನ ನ್ಯಾಯಾಲಯದ ಬಾಗಿಲಲ್ಲಿ ಹದಿನಾರು ಜನ ನಿಂತಿದ್ದರು. ಡ್ರಿಲ್ ಮೇಷ್ಟ್ರು ಎಲ್ಲರನ್ನೂ ಒಂದೊಂದು ಮೀಟರ್ ಅಂತರಕ್ಕೆ ನಿಲ್ಲಿಸಿದ್ದರಿಂದ ಸಾಲು ರಸ್ತೆಯವರೆಗೂ ಹೋಗಿತ್ತು. ಒಬ್ಬೊಬ್ಬರಾಗಿ ಒಳಗೆ ಬರಲು ಅಪ್ಪಣೆಯಾಯಿತು. ನ್ಯಾಯಾಧೀಶರು ವಯಸ್ಸಾದ ಹೆಂಗಸು. ಮಾಸ್ಕಿನ ಉಸಿರಿಗೆ ಕನ್ನಡಕ ಮಂಜಾಗುತ್ತಿತ್ತು, ಮಾತಿಗೊಮ್ಮೆ ಒರೆಸಿಕೊಳ್ಳುತ್ತಿದ್ದರು. ಎದುರಿಗೆ ಆ ಗುಲಾಬಿ ಹಾಳೆ.

"ಈ ಊರಲ್ಲಿ ಮುನ್ನೂರ ಹನ್ನೆರಡು ದೂರು ಬಂದಿದೆ," ಎಂದರು ಅವರು. "ಮುನ್ನೂರ ಹನ್ನೊಂದನ್ನ ತಪ್ಪಾಗಿ ತುಂಬಿದ್ದಾರೆ ಅಂತ ವಾಪಸು ಕಳಿಸಿದ್ದೀನಿ. ಸರಿಯಾಗಿ ತುಂಬಿರೋದು ಇದೊಂದೇ. ಯಾರು ತುಂಬಿದ್ದು?"

"ನಾನೇ ಮೇಡಂ," ಎಂದರು ಸಾಹೇಬರು. ಇಂಥ ಹೊತ್ತಿನಲ್ಲೂ ಎದೆ ಒಂದಿಷ್ಟು ಉಬ್ಬಿದ್ದನ್ನು ಅವರು ತಡೆಯಲಾರದೆ ಹೋದರು.

ಮೊದಲು ಬಂದವರು ಟೈಲರಮ್ಮ. "ಮೇಡಂ, ಸಹಿ ನಂದೇ. ಕುಣಿತ ಅಂತ ಬರೆಸಿದ್ದೂ ನಾನೇ. ಅದು ಮಾದರಿ. ಇದಕ್ಕೆ ಮೂರು ತಿಂಗಳು ಅಂತ ಗೊತ್ತು. ಹಾಕೋದಾದ್ರೆ ಹಾಕಿ. ಈ ಮನುಷ್ಯ ನನ್ನನ್ನ ಉಳಿಸೋಕೆ ಬಾಯಿ ಮುಚ್ಚಿಕೊಂಡಿದ್ದಾರೆ. ನಾನು ಹಾಗಿರೋಕೆ ಆಗಲ್ಲ."

ಆಮೇಲೆ ಮೇಷ್ಟ್ರು. "ಹನ್ನೊಂದು ವರ್ಷದಿಂದ ಎದುರು ಮನೆ. ದಿನವಿಡೀ ಕಿಟಕಿಯಲ್ಲೇ ಕೂತಿರ್ತೀನಿ. ನಲವತ್ತು ಜನ ಹಾಗಿರಲಿ, ಆ ಮನೆಗೆ ನಾಲ್ಕು ಜನ ಒಟ್ಟಿಗೆ ಹೋಗಿದ್ದನ್ನ ಕಂಡಿಲ್ಲ."

ಆಮೇಲೆ ಹಾಲಿನವನು. "ನಾನು ದಿನಾ ಹೋಗ್ತೀನಿ ಮೇಡಂ. ಮಳೆ ಸುರೀತಿದ್ರೂ ಒಳಗೆ ಬಾ ಅಂದವರಲ್ಲ."

ಆಮೇಲೆ ಅಜ್ಜಿ. "ಇವರು ಕುಣಿದ್ರಂತಾ? ಇವರು ನಕ್ಕಿದ್ದನ್ನ ತೋರಿಸಿ, ಆಮೇಲೆ ಕುಣಿತದ ಮಾತಾಡೋಣ."

ಬಾಮೈದ ಕೈಕಟ್ಟಿ ನಿಂತ. "ನಾನು ಸ್ವಂತ ಬಾಮೈದ. ನಾನು ಹೋದ್ರೇನೇ 'ಬಂದ ಉದ್ದೇಶ?' ಅಂತ ಕೇಳ್ತಾರೆ."

ಹೀಗೆ ಹದಿನಾರು ಜನ. ಒಂದೊಂದು ಸಾಕ್ಷಿಗೂ ಜೈಲು ಒಂದೊಂದು ಹೆಜ್ಜೆ ದೂರ ಸರಿಯುತ್ತಿತ್ತು, ಸಾಹೇಬರ ತಲೆ ಒಂದೊಂದು ಅಂಗುಲ ಕೆಳಗಿಳಿಯುತ್ತಿತ್ತು. ಯಾರೂ ಸುಳ್ಳು ಹೇಳಲಿಲ್ಲ. ಅದೇ ಕಷ್ಟವಾಗಿತ್ತು.

ನ್ಯಾಯಾಧೀಶರು ಕನ್ನಡಕ ತೆಗೆದು ಚೆನ್ನಾಗಿ ಒರೆಸಿದರು. "ಸುಳ್ಳು ದೂರಿನ ಅಪರಾಧ ಆಗಬೇಕಾದ್ರೆ ಬೇರೆ ಯಾರಿಗಾದ್ರೂ ತೊಂದರೆ ಕೊಡೋ ಉದ್ದೇಶ ಇರಬೇಕು. ಇಲ್ಲಿ ತೊಂದರೆ ಆಗಿರೋದು ಬರೆದವರಿಗೇ. ಸಾಕ್ಷಿಗಳ ಮೇಲೆ ಏನೂ ಇಲ್ಲ. ಇನ್ನು ನಲವತ್ತು ಜನರ ವಿಷಯ. ಈ ಮನೆಗೆ ನಲವತ್ತು ಜನ ಬರೋದು ಅಸಾಧ್ಯ ಅಂತ ನ್ಯಾಯಾಲಯಕ್ಕೆ ಪೂರ್ತಿ ಮನವರಿಕೆ ಆಗಿದೆ. ಬಾರದವರನ್ನ ಮುಚ್ಚಿಟ್ಟರು ಅನ್ನೋಕೂ ಆಗಲ್ಲ. ಬಿಡುಗಡೆ."

ಹೊರಗೆ ಬಂದಾಗ ಹದಿನಾರು ಜನರೂ ಮೆಟ್ಟಿಲ ಕೆಳಗೆ ಕಾಯುತ್ತಿದ್ದರು. ಉಳಿಸಿದ ಸಂತೋಷವೂ ಇತ್ತು, ಆಡಿದ ಮಾತಿನ ಮುಜುಗರವೂ ಇತ್ತು. ಸಾಹೇಬರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಲ್ಲರೂ ಮನೆಗೆ ಬನ್ನಿ. ಟೀ ಕುಡ್ಕೊಂಡೇ ಹೋಗಬೇಕು," ಎಂದರು.

ಎಲ್ಲರೂ ಸಾಹೇಬರ ಮುಖ ನೋಡಿದರು.

"ಮನೆಯೊಳಗೆ ಐದು ಜನಕ್ಕಿಂತ ಹೆಚ್ಚು ಇರೋ ಹಾಗಿಲ್ಲ," ಎಂದರು.

ಮುಖಗಳು ಪೆಚ್ಚಾದವು. ಅಜ್ಜಿ ಆಗಲೇ ತಮ್ಮ ಮನೆಯ ಕಡೆ ತಿರುಗಿದ್ದರು.

"ಅದಕ್ಕೇ ಉಳಿದವರು ಗೇಟಿನ ಹೊರಗೆ ಸ್ವಲ್ಪ ಕಾಯಬೇಕು," ಎಂದು ಸಾಹೇಬರು ಅವಸರವಾಗಿ ಸೇರಿಸಿದರು. "ಒಬ್ಬರು ಹೊರಗೆ ಬಂದ ಹಾಗೆ ಒಬ್ಬರು ಹೋಗಿ. ಯಾರೂ ಟೀ ಕುಡೀದೆ ಹೋಗಬಾರದು."

ಮನೆಯ ಬಾಗಿಲಲ್ಲಿ ಲೆಕ್ಕ ಎಡವಿತು. ಅಜ್ಜಿ, ಟೈಲರಮ್ಮ, ಬಾಮೈದ, ಹಾಲಿನವನು ಒಳಗೆ ಹೋದರು. ಟೀ ಮಾಡಲು ಹೆಂಡತಿ ಇರಲೇಬೇಕು. ಅಲ್ಲಿಗೆ ಐದು. ಚಪ್ಪಲಿ ಬಿಡುತ್ತಿದ್ದ ಸಾಹೇಬರು ಆರನೆಯವರಾದರು. ಅವರು ಒಂದು ಕ್ಷಣ ನಿಂತು ನೋಡಿ, ಮತ್ತೆ ಚಪ್ಪಲಿ ಮೆಟ್ಟಿಕೊಂಡು, ಸಾಲಿನ ಕೊನೆಗೆ ಹೋಗಿ ನಿಂತರು. ಸಾಲಿನ ಮುಂದಿನಿಂದಲೇ ಮೇಷ್ಟ್ರು, "ಒಂದು ಮೀಟರ್ ಬಿಡಿ ಸಾಹೇಬ್ರೇ!" ಎಂದು ಕೂಗಿದರು. ಸಾಹೇಬರು ಬಿಟ್ಟರು.

ಒಳಗೆ ಲೋಟಗಳ ಸದ್ದು, ಅಜ್ಜಿಯ ಜೋರು ನಗು. ಆ ಮನೆಯಿಂದ ಅಂಥ ಸದ್ದು ಬೀದಿಗೆ ಹೊಸದು. ಸ್ವಲ್ಪ ಹೊತ್ತಿಗೆ ಹಾಲಿನವನು ಲೋಟ ಹಿಡಿದೇ ಬಾಗಿಲಿಗೆ ಬಂದು, ಸಾಲಿನ ತುದಿಯಲ್ಲಿ ನಿಂತ ಯಜಮಾನರನ್ನು ಕಂಡು ಗಾಬರಿಯಾದ.

"ಅಯ್ಯೋ, ನೀವ್ಯಾಕೆ ಹೊರಗೆ ಸಾಹೇಬ್ರೇ? ನಾನು ಬಂದ್ಬಿಡ್ತೀನಿ. ಬನ್ನಿ, ಒಳಗೆ ಬನ್ನಿ!"

"ಬೇಡಪ್ಪ, ನೀನು ಒಳಗೇ ಕೂತ್ಕೋ," ಎಂದರು ಸಾಹೇಬರು. "ಇನ್ನೊಂದು ಲೋಟ ಕುಡಿ. ನಾನು ಇಲ್ಲೇ ಇರ್ತೀನಿ."